ಅರವತ್ತು ದಾಟಿದ ಮೇಲೆ ದೇಣಿಗೆಗಾಗಿ ದೂರದ ನಡಿಗೆ: ತಯಾರಿಯಿಂದ ಲೆಕ್ಕ ಒಪ್ಪಿಸುವವರೆಗೆ

ಅರವತ್ತು ದಾಟಿದವರೊಬ್ಬರು 150 ಕಿಲೋಮೀಟರ್ ನಡೆದು ಒಳ್ಳೆಯ ಕೆಲಸಕ್ಕೆ ಹಣ ಕೂಡಿಸುತ್ತೇನೆ ಎಂದರೆ ಮನೆಯವರ ಬಾಯಿಂದ ಮೊದಲು ಬರುವ ಮಾತು "ಈ ವಯಸ್ಸಿನಲ್ಲಿ ಅಷ್ಟು ದೂರ ಆಗುತ್ತದೆಯೇ?" ಆಗುತ್ತದೆ. ಆರೋಗ್ಯ ಮಟ್ಟಸವಾಗಿದ್ದು ಆರು ತಿಂಗಳು ತಯಾರಿ ಮಾಡಿಕೊಂಡರೆ ಬಹಳ ಜನರಿಗೆ ಆಗುತ್ತದೆ. ಆದರೆ ನಿಜವಾಗಿ ಕೇಳಿಕೊಳ್ಳಬೇಕಾದದ್ದು ಬೇರೆ: ಇವತ್ತು 16 ಕಿಲೋಮೀಟರ್ ನಡೆದವರು ನಾಳೆ ಬೆಳಿಗ್ಗೆ ಎದ್ದು ಮತ್ತೆ ಅಷ್ಟೇ ನಡೆಯಬಲ್ಲರೇ? ವಯಸ್ಸಾದಂತೆ ನಡೆಯುವ ಶಕ್ತಿಗಿಂತ ಬೇಗ ಕುಗ್ಗುವುದು ದೇಹ ಚೇತರಿಸಿಕೊಳ್ಳುವ ವೇಗ. ಈ ಮಾರ್ಗದರ್ಶಿಯ ಎಲ್ಲ ಹಂತಗಳೂ ಆ ಒಂದು ಸಂಗತಿಯ ಮೇಲೆ ನಿಂತಿವೆ.

ದೇಣಿಗೆ ಸೇರಿದಾಗ ಇನ್ನೊಂದು ತೊಡಕು ಹುಟ್ಟುತ್ತದೆ. ನಾಲ್ಕು ಜನರ ಮುಂದೆ ಮಾತು ಕೊಟ್ಟಾಗಿದೆ, ಹಣ ಬಂದಾಗಿದೆ, ಈಗ ಹೇಗೆ ನಿಲ್ಲಿಸಲಿ ಎಂಬ ಸಂಕೋಚ. ಮಂಡಿ ಬೇಡ ಎನ್ನುತ್ತಿದ್ದರೂ ಕಾಲು ಮುಂದಿಡುವಂತೆ ಮಾಡುವುದು ಈ ಸಂಕೋಚವೇ. ಅದಕ್ಕೆ ಮದ್ದನ್ನು ಹೊರಡುವ ಮೊದಲೇ ಮಾಡಿಟ್ಟುಕೊಳ್ಳಬೇಕು. ಹೇಗೆ ಎಂಬುದು ಮುಂದೆ ಬರುತ್ತದೆ.

1. ದೂರವನ್ನು ಅಲ್ಲ, ದಿನಗಳನ್ನು ಮೊದಲು ನಿರ್ಧರಿಸಿ

ಸಾಮಾನ್ಯವಾಗಿ ನಾವು ಒಂದು ದೊಡ್ಡ ಸಂಖ್ಯೆ ಹಿಡಿದು, ರಜೆ ಎಷ್ಟಿದೆಯೋ ಅಷ್ಟರಿಂದ ಅದನ್ನು ಭಾಗಿಸುತ್ತೇವೆ. ಇದನ್ನು ತಿರುವಿ ಹಾಕಿ. ನಿಮ್ಮ ದೇಹ ದಿನಕ್ಕೆ ಎಷ್ಟು ತಾಳುತ್ತದೆ, ಎಷ್ಟು ದಿನಕ್ಕೊಮ್ಮೆ ವಿಶ್ರಾಂತಿ ಕೇಳುತ್ತದೆ ಎಂದು ಮೊದಲು ನೋಡಿ. ಒಟ್ಟು ದೂರ ತಾನಾಗಿ ಹೊರಬರುತ್ತದೆ.

ಗಾಂಧೀಜಿಯವರ ದಂಡಿ ಯಾತ್ರೆ ದೇಣಿಗೆಯ ನಡಿಗೆಯಲ್ಲ, ಆದರೆ ಅದರ ದಿನಚರಿಯಿಂದ ಕಲಿಯುವುದು ತುಂಬ ಇದೆ. 1930ರ ಮಾರ್ಚ್ 12ರಂದು ಹೊರಟಾಗ ಅವರಿಗೆ 60 ವರ್ಷ. ಸುಮಾರು 385 ಕಿಲೋಮೀಟರ್ ದಾರಿಗೆ ಹಿಡಿದದ್ದು 24 ದಿನ. ಸರಾಸರಿ ದಿನಕ್ಕೆ 16 ಕಿಲೋಮೀಟರ್, ಅದೂ ಬೆಳಿಗ್ಗೆ ಸ್ವಲ್ಪ, ಸಂಜೆ ಸ್ವಲ್ಪ. ಸೋಮವಾರ ನಡಿಗೆಗೆ ಬಿಡುವು. ಅರವತ್ತರ ಆಸುಪಾಸಿನವರು ಇವತ್ತಿಗೂ ಈ ಲೆಕ್ಕವನ್ನೇ ಹಿಡಿಯಬಹುದು: ದಿನಕ್ಕೆ 14ರಿಂದ 16 ಕಿಲೋಮೀಟರ್, ನಾಲ್ಕೈದು ದಿನಕ್ಕೊಮ್ಮೆ ಪೂರ್ತಿ ವಿಶ್ರಾಂತಿ. ಎಪ್ಪತ್ತು ದಾಟಿದವರು 10–12ರಲ್ಲಿ ನಿಂತರೆ ಒಳ್ಳೆಯದು. ಕೊನೆಗೆ ಒಂದು ದಿನವನ್ನು ಖಾಲಿ ಬಿಡಿ. ಮಳೆ, ಜ್ವರ, ಕಾಲುನೋವು ಯಾವುದು ಬಂದರೂ ಆ ದಿನ ಕೈಹಿಡಿಯುತ್ತದೆ.

ಹೆಚ್ಚು ದೂರ ನಡೆದರೆ ಹೆಚ್ಚು ಹಣ ಬರುತ್ತದೆ ಎಂಬ ನಂಬಿಕೆಯನ್ನೂ ಇಲ್ಲೇ ಬಿಟ್ಟುಬಿಡಿ. 2020ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ಟಾಮ್ ಮೂರ್ ತಮ್ಮ 99ನೇ ವಯಸ್ಸಿನಲ್ಲಿ ವಾಕರ್ ಹಿಡಿದು ಮನೆಯ ಅಂಗಳದಲ್ಲಿ 25 ಮೀಟರ್ ಉದ್ದದ ಹಾದಿಯನ್ನು 100 ಸಲ ನಡೆದರು. ಒಟ್ಟು ಎರಡೂವರೆ ಕಿಲೋಮೀಟರ್. ಆರೋಗ್ಯ ಸೇವೆಯ ಸಿಬ್ಬಂದಿಗೆ ನೆರವಾಗಲು 1,000 ಪೌಂಡ್ ಕೂಡಿಸುವುದು ಅವರ ಗುರಿಯಾಗಿತ್ತು. ಬಂದದ್ದು 3 ಕೋಟಿ 20 ಲಕ್ಷ ಪೌಂಡ್‌ಗಿಂತ ಹೆಚ್ಚು. ಅಷ್ಟು ಹಣ ಎಲ್ಲರಿಗೂ ಬರುವುದಿಲ್ಲ, ನಿಜ. ಆದರೆ ಕೊಡುವವರು ಕಿಲೋಮೀಟರ್ ಎಣಿಸಿ ಕೊಡುವುದಿಲ್ಲ. ನಡೆಯುವವರಿಗೆ ಅದು ಎಷ್ಟು ಕಷ್ಟ, ಯಾರಿಗಾಗಿ ಆ ಕಷ್ಟ ಎಂಬುದನ್ನು ನೋಡಿ ಕೊಡುತ್ತಾರೆ.

ಒಬ್ಬರೇ ದಾರಿ ಹುಡುಕಿಕೊಳ್ಳುವುದು ಬೇಡವೆನಿಸಿದರೆ ಸಂಘಟಿತ ನಡಿಗೆಗಳಿವೆ. ಆದರೆ ಸೇರುವ ಮೊದಲು ಕಾಲಮಿತಿ ನೋಡಿ. 1981ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಗೂರ್ಖಾ ಸೈನಿಕರ ತರಬೇತಿಯಾಗಿ ಹುಟ್ಟಿ, ಆಮೇಲೆ ಆಕ್ಸ್‌ಫ್ಯಾಮ್ ಸಂಸ್ಥೆಯ ದೇಣಿಗೆ ನಡಿಗೆಯಾಗಿ ಬೆಳೆದ ಟ್ರೈಲ್‌ವಾಕರ್‌ನಲ್ಲಿ ನಾಲ್ವರ ತಂಡ 48 ಗಂಟೆಯೊಳಗೆ 100 ಕಿಲೋಮೀಟರ್ ಮುಗಿಸಬೇಕು. ರಾತ್ರಿಯೂ ನಡೆಯಬೇಕಾಗುತ್ತದೆ. ಮೊದಲ ಸಲಕ್ಕೆ ಇಂಥದ್ದನ್ನು ಆರಿಸಿಕೊಳ್ಳಬೇಡಿ ಎಂದೇ ಹೇಳುತ್ತೇನೆ. ನೆದರ್ಲೆಂಡ್ಸ್‌ನಲ್ಲಿ 1909ರಲ್ಲಿ ಶುರುವಾಗಿ ಈಗ ನೈಮೇಖನ್ ಊರಿನಲ್ಲಿ ನಡೆಯುವ ನಾಲ್ಕು ದಿನಗಳ ನಡಿಗೆಯಲ್ಲಿ ವಯಸ್ಸಿಗೆ ತಕ್ಕಂತೆ ದಿನದ ದೂರ ಬದಲಾಗುತ್ತದೆ. ಆದರೂ ಅಲ್ಲಿ ಅತಿ ಕಡಿಮೆ ದೂರವೇ ದಿನಕ್ಕೆ 30 ಕಿಲೋಮೀಟರ್. ಅದು ವರ್ಷಗಟ್ಟಲೆ ನಡೆದು ಪಳಗಿದವರಿಗೆ.

2. ವೈದ್ಯರ ಹತ್ತಿರ ಏನು ಕೇಳಬೇಕು

"ನಾನು ನಡೆಯಬಹುದೇ?" ಎಂದು ಕೇಳಿದರೆ "ನಡೆಯಿರಿ, ಒಳ್ಳೆಯದು" ಎಂಬ ಉತ್ತರ ಸಿಗುತ್ತದೆ. ಅಷ್ಟು ಸಾಲದು. "ದಿನಕ್ಕೆ ಐದಾರು ಗಂಟೆ, ಸತತ ನಾಲ್ಕು ದಿನ, ಬೆನ್ನ ಮೇಲೆ ನಾಲ್ಕು ಕಿಲೋ ಭಾರ ಹೊತ್ತು ನಡೆಯುತ್ತೇನೆ" ಎಂದು ಬಿಡಿಸಿ ಹೇಳಿ. ನೀವು ನುಂಗುವ ಮಾತ್ರೆಗಳನ್ನೆಲ್ಲ ಎದುರಿಗಿಟ್ಟು ಒಂದೊಂದರ ಬಗ್ಗೆಯೂ ಕೇಳಿ, ಏಕೆಂದರೆ ದೀರ್ಘ ನಡಿಗೆಯಲ್ಲಿ ಅವು ಬೇರೆ ರೀತಿ ವರ್ತಿಸಬಹುದು.

ಬಿಪಿಗೆ ಕೊಡುವ ಬೀಟಾ ಬ್ಲಾಕರ್ ಮಾತ್ರೆ ಎದೆಬಡಿತ ಏರದಂತೆ ತಡೆಯುತ್ತದೆ. ಹಾಗಾಗಿ ಕೈಗಡಿಯಾರ ತೋರಿಸುವ ಬಡಿತದ ಸಂಖ್ಯೆ ನೋಡಿ ಶ್ರಮ ಅಳೆಯಲಾಗುವುದಿಲ್ಲ. ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರ ಮೈಯಲ್ಲಿ ಬಿಸಿಲಿಗೆ ನೀರು, ಉಪ್ಪು ಎರಡೂ ಬೇಗ ಇಳಿಯುತ್ತವೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಕೆಲವು ಬಗೆಯ ಮಾತ್ರೆ ತೆಗೆದುಕೊಳ್ಳುವವರಿಗೆ ದೀರ್ಘ ನಡಿಗೆಯ ದಿನ, ಕೆಲವೊಮ್ಮೆ ಅದೇ ರಾತ್ರಿ, ಶುಗರ್ ಕುಸಿಯಬಹುದು. ಪ್ರಮಾಣ ಬದಲಿಸಬೇಕೇ ಎಂದು ವೈದ್ಯರೇ ಹೇಳಬೇಕು. ರಕ್ತ ತೆಳುವಾಗಿಸುವ ಔಷಧಿಯಲ್ಲಿದ್ದರೆ ಬಿದ್ದು ತಲೆಗೆ ಸಣ್ಣ ಪೆಟ್ಟಾದರೂ ಆಸ್ಪತ್ರೆಗೆ ಹೋಗಲೇಬೇಕು. ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆಗಳನ್ನು "ಮುಂಜಾಗ್ರತೆಗೆ" ಎಂದು ಬೆಳಿಗ್ಗೆಯೇ ನುಂಗಿ ಹೊರಡುವ ಅಭ್ಯಾಸ ಬಹಳ ಕೆಟ್ಟದ್ದು. ಮೈಯಲ್ಲಿ ನೀರು ಕಡಿಮೆಯಾದಾಗ ಅವು ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತವೆ. ಮೇಲಾಗಿ ನಿಲ್ಲು ಎಂದು ಹೇಳುವ ನೋವನ್ನೇ ಮುಚ್ಚಿಹಾಕುತ್ತವೆ.

3. ಆರು ತಿಂಗಳ ತಯಾರಿ

ಈಗ ಆರಾಮಾಗಿ 4–5 ಕಿಲೋಮೀಟರ್ ನಡೆಯುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಅಷ್ಟು ಅಭ್ಯಾಸವಿಲ್ಲದವರು ಮೊದಲು ಎರಡು ತಿಂಗಳು ಅಲ್ಲಿಗೆ ತಲುಪುವುದಕ್ಕೇ ಕೊಡಲಿ.

ಮೊದಲ ನಾಲ್ಕು ವಾರ ವಾರಕ್ಕೆ ನಾಲ್ಕು ದಿನ, 30ರಿಂದ 45 ನಿಮಿಷ. ಅದರಲ್ಲಿ ಒಂದು ದಿನ ಮಾತ್ರ ಉದ್ದದ ನಡಿಗೆ, 6 ಕಿಲೋಮೀಟರಿನಷ್ಟು. ವೇಗದ ಬಗ್ಗೆ ಒಂದೇ ಅಳತೆ ಸಾಕು: ಪಕ್ಕದಲ್ಲಿದ್ದವರೊಂದಿಗೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಬರಬೇಕು. ಏದುಸಿರಿನಿಂದ ಮಾತು ತುಂಡಾಗುತ್ತಿದ್ದರೆ ನಿಧಾನಿಸಿ.

ಐದನೇ ವಾರದಿಂದ ಹನ್ನೆರಡನೇ ವಾರದವರೆಗೆ ಉದ್ದದ ನಡಿಗೆಯನ್ನು ವಾರಕ್ಕೆ ಒಂದು, ಹೆಚ್ಚೆಂದರೆ ಒಂದೂವರೆ ಕಿಲೋಮೀಟರ್ ಏರಿಸುತ್ತ ಹೋಗಿ. ಮೂರು ವಾರ ಏರಿಸಿ, ನಾಲ್ಕನೇ ವಾರ ಮೂರನೇ ಒಂದು ಭಾಗ ಇಳಿಸಿ. ಈ ಇಳಿಕೆಯ ವಾರವನ್ನು ಎಷ್ಟು ಹುರುಪಿದ್ದರೂ ಬಿಡಬೇಡಿ. ಸ್ನಾಯುಗಳು ಕೆಲವೇ ವಾರಗಳಲ್ಲಿ ಹುರಿಗೊಳ್ಳುತ್ತವೆ, ಆದರೆ ಸ್ನಾಯುವನ್ನು ಮೂಳೆಗೆ ಬಿಗಿದಿರುವ ನಾರುಗಳು, ಹಿಮ್ಮಡಿಯ ಹಿಂದಿನ ದಪ್ಪ ನಾರಂಥವು, ತಿಂಗಳುಗಟ್ಟಲೆ ಸಮಯ ಕೇಳುತ್ತವೆ. ಎರಡು ತಿಂಗಳಿಗೆ "ಈಗ ಎಷ್ಟು ಬೇಕಾದರೂ ನಡೆಯಬಲ್ಲೆ" ಅನ್ನಿಸುತ್ತದಲ್ಲ, ಹಿಮ್ಮಡಿ ನೋವು, ಅಂಗಾಲಿನ ಉರಿ ಶುರುವಾಗುವುದು ಹೆಚ್ಚಾಗಿ ಆಗಲೇ.

ಹದಿಮೂರರಿಂದ ಇಪ್ಪತ್ತನೇ ವಾರದವರೆಗಿನ ಅವಧಿಯೇ ಇಡೀ ತಯಾರಿಯ ತಿರುಳು. ಇಲ್ಲಿ ಒಂದೇ ದಿನ ಬಹಳ ದೂರ ಹೋಗುವುದನ್ನು ಬಿಟ್ಟು, ಬೆನ್ನುಬೆನ್ನಿಗೆ ಎರಡು ದಿನ ನಡೆಯಲು ಶುರುಮಾಡಿ. ಮೊದಲು 12 ಮತ್ತು 8 ಕಿಲೋಮೀಟರ್. ಬರಬರುತ್ತ 16 ಮತ್ತು 13. ಎರಡನೇ ದಿನ ಬೆಳಿಗ್ಗೆ ಹಾಸಿಗೆಯಿಂದ ಎದ್ದು ಮೊದಲ ಹತ್ತು ಹೆಜ್ಜೆ ಇಡುವಾಗ ಕಾಲು ಏನು ಹೇಳುತ್ತದೆ ಎಂದು ಗಮನವಿಟ್ಟು ಕೇಳಿಸಿಕೊಳ್ಳಿ. ಬಿಗಿತವಿದ್ದು, ಹತ್ತು ನಿಮಿಷ ನಡೆದ ಮೇಲೆ ಸಡಿಲವಾದರೆ ಅದು ಸಹಜ. ನಡೆದಷ್ಟೂ ಏರುವ ನೋವಾದರೆ ಆ ದಿನ ಮನೆಗೆ ಹಿಂದಿರುಗಿ. ನಡಿಗೆಯ ದಿನ ತೊಡುವ ಶೂ, ಸಾಕ್ಸ್, ಹೊರುವ ಚೀಲ ಎಲ್ಲವೂ ಈ ಹಂತದಲ್ಲೇ ಜೊತೆಗಿರಲಿ.

ಇಪ್ಪತ್ತೊಂದು, ಇಪ್ಪತ್ತೆರಡನೇ ವಾರಗಳಲ್ಲಿ ಒಮ್ಮೆ ಮೂರು ದಿನದ ತಾಲೀಮು: 14, 14, 12 ಕಿಲೋಮೀಟರ್. ಇದು ಸಲೀಸಾಗಿ ಮುಗಿದರೆ ನೀವು ಸಿದ್ಧ. ಮುಗಿಯದಿದ್ದರೆ ನಡಿಗೆಯ ದಿನದ ದೂರವನ್ನು ಕಡಿಮೆ ಮಾಡಿ. ಅದಕ್ಕೆ ಇನ್ನೂ ಸಮಯವಿದೆ. ಕೊನೆಯ ಎರಡು ವಾರ ಅರ್ಧಕ್ಕೆ ಇಳಿಸಿ. ಅಭ್ಯಾಸ ತಪ್ಪಿಹೋಯಿತು ಎಂದು ಕೊನೆಯ ವಾರ ಜಾಸ್ತಿ ನಡೆದು ಸರಿದೂಗಿಸಲು ಹೋಗಬೇಡಿ. ಅದರಿಂದ ಶಕ್ತಿ ಬರುವುದಿಲ್ಲ, ದಣಿವಷ್ಟೇ ಉಳಿಯುತ್ತದೆ.

ನಡಿಗೆಯೊಂದೇ ಸಾಲದು. ಅರವತ್ತರ ನಂತರ ಸ್ನಾಯು ಕರಗುವುದು ಚುರುಕಾಗುತ್ತದೆ, ಸಮತೋಲ ಕೈಕೊಡುತ್ತದೆ. 65 ದಾಟಿದವರು ವಾರಕ್ಕೆ ಎರಡು ದಿನವಾದರೂ ಸ್ನಾಯು ಬಲಪಡಿಸುವ ವ್ಯಾಯಾಮ, ಮೂರು ದಿನ ಸಮತೋಲದ ಅಭ್ಯಾಸ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಕೈ ಊರದೆ ಕುರ್ಚಿಯಿಂದ ಹತ್ತು ಸಲ ಎದ್ದು ಕೂರುವುದು, ಗೋಡೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು, ಒಂಟಿಕಾಲಲ್ಲಿ ನಿಲ್ಲುವುದು ಇಷ್ಟು ಸಾಕು. ಇದಕ್ಕೆ ಒಂದನ್ನು ಸೇರಿಸಿ: ಮೆಟ್ಟಿಲನ್ನು ನಿಧಾನವಾಗಿ ಇಳಿಯುವುದು. ಏರುವಾಗ ಉಸಿರು ಕಟ್ಟುತ್ತದೆ, ಆದರೆ ತೊಡೆಯನ್ನೂ ಮಂಡಿಯನ್ನೂ ಹಣ್ಣು ಮಾಡುವುದು ಇಳಿಜಾರು.

4. ಪಾದ

ವಯಸ್ಸಿನೊಂದಿಗೆ ಪಾದ ಅಗಲವಾಗುತ್ತದೆ, ಉದ್ದವೂ ಆಗುತ್ತದೆ. ಹಿಮ್ಮಡಿಯಡಿಯ ಕೊಬ್ಬಿನ ಮೆತ್ತೆ ತೆಳುವಾಗುತ್ತದೆ. ಹತ್ತು ವರ್ಷದ ಹಿಂದಿನ ಅಳತೆಯ ಶೂ ಈಗ ಸರಿಹೋಗದು. ಪಾದ ಊದಿಕೊಂಡಿರುವ ಸಂಜೆ ಹೊತ್ತಿನಲ್ಲಿ, ನಡಿಗೆಗೆ ತೊಡುವ ಸಾಕ್ಸ್ ಹಾಕಿಕೊಂಡೇ ಅಳತೆ ನೋಡಿ. ಉದ್ದದ ಬೆರಳಿನ ಮುಂದೆ ಕೈಯ ಹೆಬ್ಬೆರಳಿನ ಅಗಲದಷ್ಟು ಜಾಗವಿರಲಿ, ಹಿಮ್ಮಡಿ ಮೇಲಕ್ಕೆ ಜಾರದಿರಲಿ. ಸಾಮಾನ್ಯ ವಾಕಿಂಗ್ ಶೂಗಳ ಮೆತ್ತೆ 500ರಿಂದ 800 ಕಿಲೋಮೀಟರಿಗೆ ಸತ್ತುಹೋಗುತ್ತದೆ. ಆದ್ದರಿಂದ ತಯಾರಿಯಲ್ಲಿ ಸವೆದ ಜೋಡಿಯನ್ನೂ ಕೊಂಡೊಯ್ಯಬೇಡಿ, ಪೆಟ್ಟಿಗೆಯಿಂದ ಈಗ ತೆಗೆದ ಜೋಡಿಯನ್ನೂ ಬೇಡ. ಮೂರನೇ ತಿಂಗಳ ಹೊತ್ತಿಗೆ ಎರಡನೇ ಜೋಡಿ ಕೊಂಡು, ಅದರಲ್ಲಿ ಕನಿಷ್ಠ 80–100 ಕಿಲೋಮೀಟರ್ ನಡೆದು ಪಳಗಿಸಿ. ಉಗುರನ್ನು ಹೊರಡುವುದಕ್ಕೆ ನಾಲ್ಕೈದು ದಿನ ಮೊದಲು ನೇರವಾಗಿ ಕತ್ತರಿಸಿ, ಮೂಲೆ ಕೊರೆಯದಿರಿ.

ಬೊಬ್ಬೆ ಏಳುವುದು ಉಜ್ಜಾಟದಿಂದ; ಬೆವರು, ಬಿಸಿ ಸೇರಿದರೆ ಇನ್ನೂ ಬೇಗ. ಅದು ಏಳುವ ಮೊದಲು ಆ ಜಾಗ ಬೆಚ್ಚಗಾಗುತ್ತದೆ, ಚುರುಗುಟ್ಟುತ್ತದೆ. ಆ ಕ್ಷಣವೇ ನಿಲ್ಲಬೇಕು. "ಮುಂದಿನ ನೆರಳಿನಲ್ಲಿ ನೋಡೋಣ" ಎಂದುಕೊಂಡರೆ ತಡವಾಯಿತೆಂದೇ ಲೆಕ್ಕ. ಕೂತು ಶೂ ಬಿಚ್ಚಿ ಒಳಗಿನ ಮರಳು ಕೊಡವಿ. ಸಾಕ್ಸ್ ತಿರುವಿ ಹೊಲಿಗೆ ಎಲ್ಲಿ ಒತ್ತುತ್ತಿದೆ ನೋಡಿ. ಪಾದ ಒರೆಸಿ ಐದು ನಿಮಿಷ ಗಾಳಿಗೆ ಒಣಗಲು ಬಿಡಿ. ಅಂಟುಪಟ್ಟಿಯನ್ನು ಕೆಂಪಾದ ಜಾಗಕ್ಕಿಂತ ಎರಡು ಬೆರಳು ದೊಡ್ಡದಾಗಿ ಕತ್ತರಿಸಿ. ಚೂಪು ಮೂಲೆಗಳು ಬೇಗ ಸುರುಳಿಯಾಗುವುದರಿಂದ ಅವನ್ನು ದುಂಡಗೆ ಮಾಡಿ. ನಡುವಿನಿಂದ ಅಂಚಿಗೆ ಸವರುತ್ತ ಸುಕ್ಕಿಲ್ಲದಂತೆ ಅಂಟಿಸಿ. ಒಣ ಸಾಕ್ಸ್ ಹಾಕಿ, ಲೇಸನ್ನು ಬೆರಳಿನ ಕಡೆ ಸಡಿಲವಾಗಿ, ಕಣಕಾಲಿನ ಕಡೆ ಬಿಗಿಯಾಗಿ ಕಟ್ಟಿ. ಹತ್ತು ನಿಮಿಷ ಹಿಡಿಯುವ ಕೆಲಸ, ಆದರೆ ಮೂರು ದಿನದ ನಡಿಗೆ ಉಳಿಯುತ್ತದೆ.

ಬೊಬ್ಬೆ ಎದ್ದೇಬಿಟ್ಟರೆ ಸಣ್ಣದನ್ನು ಒಡೆಯಬೇಡಿ, ಸುತ್ತ ಮೆತ್ತೆಯಿಟ್ಟು ಮುಚ್ಚಿ. ಮೈಭಾರ ಬೀಳುವ ಕಡೆ ದೊಡ್ಡದಾಗಿ ಎದ್ದಿದ್ದರೆ ಶುದ್ಧಗೊಳಿಸಿದ ಸೂಜಿಯಿಂದ ಅಂಚಿನಲ್ಲಿ ಚುಚ್ಚಿ ನೀರು ಇಳಿಸಿ, ಮೇಲಿನ ಚರ್ಮ ಕೀಳದೆ ಹಾಗೇ ಕಟ್ಟಿ. ಸಕ್ಕರೆ ಕಾಯಿಲೆ ಇರುವವರು ಈ ಕೆಲಸಕ್ಕೆ ತಾವೇ ಕೈಹಾಕಬಾರದು. ಅವರಿಗೆ ಪಾದದ ಸ್ಪರ್ಶ ಮಂದವಾಗಿರಬಹುದು, ಬೊಬ್ಬೆ ಎದ್ದದ್ದೇ ತಿಳಿಯದಿರಬಹುದು. ಪ್ರತಿ ಸಂಜೆ ಕನ್ನಡಿ ಹಿಡಿದು ಅಂಗಾಲು ನೋಡಿಕೊಳ್ಳುವುದನ್ನು ಅವರು ಊಟದಷ್ಟೇ ಖಡಾಖಂಡಿತ ಮಾಡಿಕೊಳ್ಳಬೇಕು.

ಎರಡು ವಾಕಿಂಗ್ ಸ್ಟಿಕ್‌ಗಳನ್ನು ಹಿಡಿಯಲು ಹಿಂಜರಿಯಬೇಡಿ. ಇಳಿಜಾರಿನಲ್ಲಿ ಮಂಡಿಯ ಮೇಲಿನ ಭಾರ ತಗ್ಗುತ್ತದೆ, ಸಮತೋಲ ತಪ್ಪಿದಾಗ ಆಸರೆಯಾಗುತ್ತದೆ.

5. ಹಣ ಕೂಡಿಸುವುದು

ನೋಂದಾಯಿತ, ಲೆಕ್ಕಪತ್ರ ಪ್ರಕಟಿಸುವ ಸಂಸ್ಥೆಯನ್ನೇ ಆರಿಸಿ. ಅವರಿಗೆ ಮೊದಲೇ ತಿಳಿಸಿ, ಹೆಸರು ಬಳಸಲು ಒಪ್ಪಿಗೆ ಪಡೆಯಿರಿ. ದೇಣಿಗೆ ನೇರ ಸಂಸ್ಥೆಯ ಖಾತೆಗೆ ಹೋಗಲಿ, ನಿಮ್ಮ ಸ್ವಂತ ಖಾತೆಗೆ ಬೇಡ. ರಸೀದಿಯ, ತೆರಿಗೆಯ ಗೊಂದಲ ಅಲ್ಲಿಗೇ ಮುಗಿಯುತ್ತದೆ. ನಡಿಗೆಯ ಖರ್ಚು ನಿಮ್ಮದೇ ಆಗಿದ್ದರೆ ಅದನ್ನು ಸ್ಪಷ್ಟವಾಗಿ ಹೇಳಿ. ಕೊಡುವವರ ಮನಸ್ಸಿನಲ್ಲಿ ಈ ಪ್ರಶ್ನೆ ಇದ್ದೇ ಇರುತ್ತದೆ, ಬಾಯಿಬಿಟ್ಟು ಕೇಳುವವರು ಕಡಿಮೆ.

ಎರಡು ತಿಂಗಳು ಮೊದಲೇ ಕೇಳಲು ಶುರುಮಾಡಿ, ಹತ್ತಿರದವರಿಂದ. ಸೊನ್ನೆ ತೋರಿಸುವ ಆನ್‌ಲೈನ್ ದೇಣಿಗೆ ಪುಟಕ್ಕೆ ಮೊದಲಿಗರಾಗಿ ಹಣ ಹಾಕಲು ಯಾರಿಗೂ ಮನಸ್ಸಾಗುವುದಿಲ್ಲ. ಗುಂಪಿಗೆ ಒಂದೇ ಸಂದೇಶ ತಳ್ಳುವುದಕ್ಕಿಂತ ಒಬ್ಬೊಬ್ಬರ ಹೆಸರು ಹಿಡಿದು ಬರೆಯುವುದು ಹತ್ತು ಪಟ್ಟು ವಾಸಿ. ಸಂದೇಶ ಹೀಗಿರಬಹುದು:

"ಬರುವ ತಿಂಗಳು ಹತ್ತು ದಿನಗಳಲ್ಲಿ 120 ಕಿಲೋಮೀಟರ್ ನಡೆಯುತ್ತಿದ್ದೇನೆ. ಕಣ್ಣಿನ ಪೊರೆ ತೆಗೆಸಿಕೊಳ್ಳಲು ಅನುಕೂಲವಿಲ್ಲದವರಿಗೆ ಶಸ್ತ್ರಚಿಕಿತ್ಸೆ ಮಾಡಿಸುವ ಸಂಸ್ಥೆಗಾಗಿ. ನನ್ನ ಓಡಾಟದ ಖರ್ಚು ನನ್ನದೇ. ನಿಮ್ಮಿಂದಾದಷ್ಟು ಕೊಟ್ಟರೆ ಅದು ನೇರ ಅವರಿಗೆ ತಲುಪುತ್ತದೆ. ಕಾಲು ಸಹಕರಿಸದೆ ನಾನು ನಡುವೆ ನಿಲ್ಲಿಸಿದರೂ ನಿಮ್ಮ ಹಣ ಪೂರ್ತಿ ಅವರದೇ."

ಕೊನೆಯ ವಾಕ್ಯವನ್ನು ಬಿಡಬೇಡಿ. ಮೊದಲಿಗೆ ಹೇಳಿದ ಸಂಕೋಚಕ್ಕೆ ಮದ್ದು ಅದೇ. ನಿಲ್ಲಿಸುವ ಅವಕಾಶವನ್ನು ಮೊದಲ ದಿನವೇ ಎಲ್ಲರ ಎದುರು ಪಡೆದುಕೊಂಡಿರುತ್ತೀರಿ. ಇದೇ ಕಾರಣಕ್ಕೆ "ಕಿಲೋಮೀಟರಿಗೆ ಇಷ್ಟು" ಎಂಬ ಲೆಕ್ಕದ ದೇಣಿಗೆಯನ್ನು ನಾನು ಒಪ್ಪುವುದಿಲ್ಲ. ಕುಂಟುತ್ತಿರುವವರನ್ನು ಇನ್ನೂ ಎರಡು ಮೈಲಿ ದೂಡುವ ಲೆಕ್ಕ ಅದು.

6. ದಾರಿ ಮತ್ತು ದಿನಚರಿ

ಸ್ಕಾಟ್ಲೆಂಡಿನ ಪರ್ವತಾರೋಹಿ ನೈಸ್ಮಿತ್ 1892ರಲ್ಲಿ ಕೊಟ್ಟ ಲೆಕ್ಕ ಗಂಟೆಗೆ ಸುಮಾರು 5 ಕಿಲೋಮೀಟರ್, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಅದು ಗಟ್ಟಿಗರ ಲೆಕ್ಕ. ನೀವು ಗಂಟೆಗೆ 4 ಎಂದು ಹಿಡಿಯಿರಿ. 16 ಕಿಲೋಮೀಟರಿಗೆ ನಾಲ್ಕು ಗಂಟೆ ನಡಿಗೆ, ಒಂದೂವರೆ–ಎರಡು ಗಂಟೆ ವಿಶ್ರಾಂತಿ. ನಸುಕಿನಲ್ಲಿ ಹೊರಟರೆ ಬಿಸಿಲೇರುವ ಮೊದಲು ಹೆಚ್ಚಿನ ಪಾಲು ಮುಗಿದಿರುತ್ತದೆ. ಕಾಲುದಾರಿ ಇಲ್ಲದ ಕಡೆ ಎದುರು ಬರುವ ವಾಹನಗಳು ಕಾಣುವ ಬದಿಯಲ್ಲೇ ನಡೆಯಿರಿ, ಹೊಳೆಯುವ ಅಂಗಿ ತೊಡಿ. ಪ್ರತಿ ದಿನದ ದಾರಿಯಲ್ಲೂ ನಡುವೆ ವಾಹನ ಸಿಗುವ ಒಂದೆರಡು ಜಾಗಗಳನ್ನು ಗುರುತು ಹಾಕಿಕೊಳ್ಳಿ. ಎಲ್ಲಿದ್ದೀರಿ ಎಂದು ಗೊತ್ತಿರುವ ಒಬ್ಬರು ಮನೆಯಲ್ಲಿರಲಿ; ಸಂಜೆ ಇಂಥ ಹೊತ್ತಿಗೆ ಕರೆ ಬರದಿದ್ದರೆ ಏನು ಮಾಡಬೇಕೆಂದು ಅವರಿಗೆ ತಿಳಿದಿರಲಿ.

ಶೌಚಾಲಯ ಎಲ್ಲೆಲ್ಲಿದೆ ಎಂದು ಮೊದಲೇ ನೋಡಿಡಿ. ಇದನ್ನು ಕೇಳಲು ಮುಜುಗರಪಟ್ಟು ನೀರು ಕುಡಿಯುವುದನ್ನೇ ಕಡಿಮೆ ಮಾಡುವ ಹಿರಿಯರು ಬಹಳ, ಹೆಂಗಸರಂತೂ ಹೆಚ್ಚು. ವಯಸ್ಸಾದಂತೆ ಬಾಯಾರಿಕೆ ತಿಳಿಯುವುದೇ ಕಡಿಮೆಯಾಗುತ್ತದೆ, ಆದ್ದರಿಂದ ಬಾಯಾರುವವರೆಗೆ ಕಾಯದೆ ಇಪ್ಪತ್ತು ನಿಮಿಷಕ್ಕೊಮ್ಮೆ ನಾಲ್ಕು ಗುಟುಕು ಕುಡಿಯಿರಿ. ಹಾಗೆಂದು ಬರಿ ನೀರನ್ನೇ ಲೀಟರುಗಟ್ಟಲೆ ಸುರಿದುಕೊಂಡರೆ ರಕ್ತದ ಸೋಡಿಯಂ ಇಳಿದು ತಲೆಸುತ್ತು, ಗೊಂದಲ ಶುರುವಾಗುತ್ತದೆ. ಊಟ ತಿಂಡಿಯಲ್ಲಿ ಉಪ್ಪು ಇರಲಿ. ಬಿಪಿ, ಹೃದಯದ ತೊಂದರೆ ಇರುವವರು ಎಷ್ಟೆಂದು ವೈದ್ಯರನ್ನೇ ಕೇಳಲಿ. ನಡೆದು ಮುಗಿಸಿದ ಗಂಟೆಯೊಳಗೆ ಕಾಳು, ಹಾಲು, ಮೊಟ್ಟೆಯಂಥ ಪ್ರೋಟೀನ್ ಹೊಟ್ಟೆಗೆ ಬಿದ್ದರೆ ಮರುದಿನದ ಕಾಲು ಹಗುರವಾಗಿರುತ್ತದೆ.

7. ಯಾವಾಗ ನಿಲ್ಲಬೇಕು

ಇದನ್ನು ಹೊರಡುವ ಮೊದಲೇ ಬರೆದು ಜೊತೆಗಿರುವವರ ಕೈಗೆ ಕೊಡಿ. ಎದೆಯಲ್ಲಿ ಬಿಗಿತ ಅಥವಾ ನೋವು, ಕೂತರೂ ಇಳಿಯದ ಏದುಸಿರು, ತಲೆಸುತ್ತು, ಮಾತು ತೊದಲುವುದು ಯಾವುದು ಕಂಡರೂ ನಡಿಗೆ ಅಲ್ಲಿಗೇ ಮುಗಿಯಿತು, ಸಹಾಯಕ್ಕೆ ಕರೆ ಮಾಡಬೇಕು. ಒಂದು ಬೆರಳಿಟ್ಟು "ಇಲ್ಲೇ" ಎಂದು ತೋರಿಸಬಹುದಾದ ಮೂಳೆ ನೋವು ಪಾದದಲ್ಲೋ ಮೊಣಕಾಲಿನ ಕೆಳಗೋ ಬಂದರೆ ಅದು ಮೂಳೆಯ ಬಿರುಕಿರಬಹುದು; ಮೂಳೆ ಸವೆತ ಇರುವವರಲ್ಲಿ ಈ ಅಪಾಯ ಹೆಚ್ಚು. ಮಿಕ್ಕ ನೋವುಗಳಿಗೆ ಒಂದೇ ಪರೀಕ್ಷೆ: ನಡಿಗೆಯ ಧಾಟಿ ಬದಲಾಗಿದೆಯೇ? ಕುಂಟುತ್ತಿದ್ದೀರಿ ಎಂದು ಜೊತೆಯವರು ಹೇಳಿದರೆ ವಾದಿಸಬೇಡಿ. ಆ ದಿನ ನಿಲ್ಲಿಸಿ, ಖಾಲಿ ಬಿಟ್ಟ ದಿನವನ್ನು ಈಗ ಬಳಸಿ.

ಅಮೆರಿಕದ ಎಮ್ಮಾ ಗೇಟ್‌ವುಡ್ 1954ರಲ್ಲಿ ಅಪಲೇಚಿಯನ್ ಬೆಟ್ಟಸಾಲಿನ ಕಾಲುಹಾದಿಗೆ ಹೊರಟವರು ದಾರಿ ತಪ್ಪಿ, ಕನ್ನಡಕ ಒಡೆದು, ಮನೆಗೆ ಮರಳಿದರು. ಮರುವರ್ಷ 67ನೇ ವಯಸ್ಸಿನಲ್ಲಿ ಮತ್ತೆ ಹೊರಟು 3,000 ಕಿಲೋಮೀಟರಿಗೂ ಮಿಕ್ಕಿದ ಆ ಹಾದಿಯನ್ನು ಒಬ್ಬರೇ ಪೂರೈಸಿದರು. ಮೊದಲ ಸಲ ಹಟಕ್ಕೆ ಬಿದ್ದು ಮುಂದೆ ಹೋಗಿದ್ದರೆ ಎರಡನೇ ಸಲ ಬರುತ್ತಿತ್ತೋ ಇಲ್ಲವೋ.

8. ಮುಗಿದ ಮೇಲೆ

ಮುಗಿದ ಮರುದಿನವೇ ಪೂರ್ತಿ ಮಲಗಿಬಿಡಬೇಡಿ. ಒಂದು ವಾರ ದಿನಕ್ಕೆ ಇಪ್ಪತ್ತು ನಿಮಿಷ ಅಡ್ಡಾಡಿ, ಆಮೇಲೆ ಮೆಲ್ಲಗೆ ಹಳೆಯ ಅಭ್ಯಾಸಕ್ಕೆ ಮರಳಿ. ಒಂದೇ ಕಾಲಿನ ಮೀನಖಂಡ ಊದಿಕೊಂಡು, ಬಿಸಿಯಾಗಿ ನೋಯುತ್ತಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ, ರಕ್ತ ಹೆಪ್ಪುಗಟ್ಟಿರಬಹುದು.

ದೇಣಿಗೆ ಕೊಟ್ಟವರಿಗೆ ಒಂದು ವಾರದೊಳಗೆ ಬರೆಯಿರಿ. ಎಷ್ಟು ನಡೆದಿರಿ, ಎಷ್ಟು ಹಣ ಬಂತು, ಸಂಸ್ಥೆಗೆ ಯಾವ ದಿನ ತಲುಪಿತು ಎಂಬ ಮೂರೂ ಅದರಲ್ಲಿರಲಿ. ನಡುವೆ ನಿಲ್ಲಿಸಿದ್ದರೆ ಅದನ್ನೂ ಮುಚ್ಚಿಡದೆ ಬರೆಯಿರಿ. ಕೊಡುತ್ತೇನೆಂದು ಹೇಳಿ ಮರೆತವರು ಈ ಪತ್ರ ನೋಡಿ ಕಳಿಸುವುದುಂಟು, ಹಾಗಾಗಿ ದೇಣಿಗೆಯ ಪುಟವನ್ನು ಇನ್ನೊಂದು ತಿಂಗಳು ತೆರೆದೇ ಇಡಿ. ಮೂರ್ನಾಲ್ಕು ತಿಂಗಳ ನಂತರ ಆ ಹಣದಿಂದ ಏನಾಯಿತೆಂದು ಸಂಸ್ಥೆಯನ್ನು ಕೇಳಿ, ಅವರು ಹೇಳಿದ್ದನ್ನು ಕೊಟ್ಟವರಿಗೆಲ್ಲ ತಿಳಿಸಿ.